ಹಾಲಿನ ಹೆಸರಿನ ಊಟದ ಮನೆ

ಪೋಲೆಂಡಿನ 'ಬಾರ್ ಮ್ಲೆಚ್ನಿ' ಎಂದರೆ 'ಹಾಲಿನ ಬಾರ್'. ಮದ್ಯದಂಗಡಿ ಎಂದುಕೊಳ್ಳಬೇಡಿ, ಇದು ಅಗ್ಗದ ಊಟದ ಮನೆ. ಮೊದಲನೆಯದು 1896ರಲ್ಲಿ ವಾರ್ಸಾ ನಗರದಲ್ಲಿ ತೆರೆಯಿತು. ಹಾಲು, ಮೊಟ್ಟೆ, ಹಿಟ್ಟಿನ ತಿನಿಸುಗಳೇ ಪ್ರಧಾನವಾಗಿದ್ದುದರಿಂದ ಈ ಹೆಸರು.

ಗೋಡೆಯ ಮೇಲಿನ ಪಟ್ಟಿ ನೋಡಿ ಮೊದಲು ಹಣ ಕೊಡಿ. ಚೀಟಿಯನ್ನು ಅಡುಗೆಮನೆಯ ಕಿಟಕಿಯಲ್ಲಿ ಕೊಟ್ಟರೆ ಬೀಟ್‌ರೂಟ್ ಸಾರೋ, ಆಲೂಗಡ್ಡೆ ತುಂಬಿದ 'ಪಿಯೆರೋಗಿ' ಕಡುಬೋ ಕೈಗೆ ಬರುತ್ತದೆ. ಉಂಡ ತಟ್ಟೆಯನ್ನು ನೀವೇ ಹಿಂತಿರುಗಿಸಬೇಕು.

ಬೆಲೆ ಕಡಿಮೆ ಏಕೆ? ಮಾಂಸವಿಲ್ಲದ ತಿನಿಸುಗಳ ದಿನಸಿ ಖರ್ಚಿನಲ್ಲಿ ಒಂದು ಪಾಲನ್ನು ಸರ್ಕಾರವೇ ಭರಿಸುತ್ತದೆ. 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಕೊನೆಗೊಂಡ ಮೇಲೆ ಇಂಥ ಬಹಳಷ್ಟು ಊಟದ ಮನೆಗಳು ಮುಚ್ಚಿದವು. ಉಳಿದವುಗಳಲ್ಲಿ ಇಂದಿಗೂ ವಿದ್ಯಾರ್ಥಿಗಳೂ ಪಿಂಚಣಿದಾರರೂ ಒಂದೇ ಸಾಲಿನಲ್ಲಿ ನಿಂತು ಬಿಸಿಯೂಟ ಪಡೆಯುತ್ತಾರೆ. ನೀವು ಸಸ್ಯಾಹಾರಿಗಳೇ? ಕಡುಬಿನ ಮೇಲೆ ಹಂದಿಕೊಬ್ಬು ಸುರಿಯುವುದುಂಟು. ಬೇಡವೆಂದು ಮೊದಲೇ ಹೇಳಿಬಿಡಿ.