ಟ್ರಿನಿಟಿ ಚರ್ಚ್: ದಂಡಿನ ಗುಡಿಗೆ ತಾವರೆಯ ಗುರುತು

ಬೆಂಗಳೂರಿನ ಎಂ.ಜಿ. ರಸ್ತೆಯ ಪೂರ್ವದ ತುದಿಯಲ್ಲಿದೆ ಹೋಲಿ ಟ್ರಿನಿಟಿ ಚರ್ಚ್. ಪಕ್ಕದ ಸರ್ಕಲ್‌ಗೂ ಮೆಟ್ರೊ ನಿಲ್ದಾಣಕ್ಕೂ ಹೆಸರು ಬಂದದ್ದು ಇದರಿಂದಲೇ. ವಿಜಯಪುರ, ತಿಕೋಟಾ, ಬಬಲೇಶ್ವರದ ಕಡೆಯಿಂದ ದುಡಿಯಲು ಬಂದ ನಮ್ಮ ಮಂದಿ ಇದರ ಮುಂದೆ ಹಾದುಹೋಗುತ್ತಲೇ ಇರುತ್ತಾರೆ. ಒಂದು ಬಿಡುವಿನ ದಿನ ಒಳಗೆ ಹೋಗಿ ನೋಡಬೇಕಾದ ಜಾಗವಿದು.

ಇದು ಹುಟ್ಟಿದ್ದೇ ಸೈನಿಕರಿಗಾಗಿ. ದಂಡು ಪ್ರದೇಶದ ಬ್ರಿಟಿಷ್ ಪಡೆಗಳ ಪ್ರಾರ್ಥನೆಗೆಂದು ಮದ್ರಾಸ್ ಎಂಜಿನಿಯರುಗಳ ಪಡೆಯ ಮೇಜರ್ ಪಿಯರ್ಸ್ ಇದರ ನಕ್ಷೆ ಬರೆದರು. 1851ರ ಹೊತ್ತಿಗೆ ಕಟ್ಟಡ ಎದ್ದಿತು. ಸುಮಾರು 700 ಜನ ಕೂರಬಹುದಾದ ವಿಶಾಲ ಸಭಾಂಗಣ ಇದರದು.

ಒಳಗಿನ ಗೋಡೆಗಳನ್ನು ನಿಧಾನವಾಗಿ ಓದಬೇಕು. ಅಧಿಕಾರಿಗಳ, ಸಿಪಾಯಿಗಳ ಹೆಸರು, ಪಡೆ, ಸತ್ತ ದಿನ ಕೊರೆದ ಸ್ಮಾರಕ ಫಲಕಗಳು ಸಾಲಾಗಿವೆ. ಇವುಗಳಲ್ಲಿ ಕಣ್ಣು ಹಿಡಿದು ನಿಲ್ಲಿಸುವುದು ಶಿಲ್ಪಿ ಮ್ಯಾಕ್‌ಡೊವೆಲ್ ಕೆತ್ತಿದ ಅಮೃತಶಿಲೆಯ ಸ್ಮಾರಕ. ಅದು ಜನರಲ್ ಕ್ಲೆಮೆಂಟ್ ಹಿಲ್ ಅವರದು. ವಾಟರ್‌ಲೂ ಕಾಳಗದಲ್ಲಿ ಹೋರಾಡಿದ ಇವರು ಮೈಸೂರು ವಿಭಾಗದ ಸೇನೆಯ ಮುಖ್ಯಸ್ಥರಾಗಿದ್ದರು. 1845ರಲ್ಲಿ ಹೊನ್ನಾವರದ ಸೀಮೆಗೆ ಬೇಟೆಗೆ ಹೋದಾಗ ತೀರಿಕೊಂಡರು. ದೇವರ ಮನೆಯ ಗೋಡೆಯ ಮೇಲೆ ಸಾಮ್ರಾಜ್ಯ ತನ್ನ ಹೆಸರನ್ನೂ ಹೀಗೆ ಬರೆಸಿಕೊಂಡಿತ್ತು.

1947ರ ಆಗಸ್ಟ್ 15ಕ್ಕೆ ಆ ಆಳ್ವಿಕೆ ಮುಗಿಯಿತು. ಆರು ವಾರ ಕಳೆದು, ಸೆಪ್ಟೆಂಬರ್ 27ರಂದು, ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಸ್ಥಾಪನೆಯಾಯಿತು. ಟ್ರಿನಿಟಿ ಇಂದು ಅದರ ಕರ್ನಾಟಕ ಕೇಂದ್ರ ಧರ್ಮಪ್ರಾಂತಕ್ಕೆ ಸೇರಿದೆ. ಸಿಎಸ್‌ಐ ಲಾಂಛನದಲ್ಲಿ ಶಿಲುಬೆಯ ಜೊತೆ ಅರಳಿರುವುದು ತಾವರೆ. ನಾವು ರಾಷ್ಟ್ರೀಯ ಪುಷ್ಪವೆಂದು ಮನ್ನಿಸುವ ಹೂವು. ಈ ನೆಲದ ಕ್ರೈಸ್ತರು ತಮ್ಮ ಗುರುತನ್ನು ಈ ನೆಲದಿಂದಲೇ ಆರಿಸಿಕೊಂಡರು.

ಸಿಎಸ್‌ಐಗೆ ಸೇರದ ಕ್ಯಾಥೊಲಿಕರಲ್ಲೂ ಈ ನೆಲದ ನಂಟು ಕಾಣುತ್ತದೆ: ಅವರಿಗೆ ಆಗಸ್ಟ್ 15 ಎರಡು ಹಬ್ಬದ ದಿನ. ಮಾತೆ ಮರಿಯಮ್ಮನ ಸ್ವರ್ಗಾರೋಹಣದ ಪೂಜೆಯೂ ಅಂದೇ, ಚರ್ಚಿನ ಅಂಗಳದಲ್ಲಿ ತ್ರಿವರ್ಣ ಧ್ವಜ ಏರುವುದೂ ಅಂದೇ. ಆ ಧ್ವಜದ ಖಾದಿಗೂ ನಮ್ಮ ಸೀಮೆಗೂ ನಂಟಿದೆ: ಬಾಗಲಕೋಟೆ ಕಡೆ ನೇಯ್ದ ಬಟ್ಟೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜವಾಗುತ್ತದೆ.

ಆಳಿದವರ ಗುರುತುಗಳನ್ನು ಏನು ಮಾಡಬೇಕೆಂಬ ಪ್ರಶ್ನೆ ವಿಜಯಪುರದವರಿಗೆ ಹೊಸದಲ್ಲ. 1854ರಲ್ಲಿ ಅಲ್ಲಿನ ಮಲಿಕ್-ಎ-ಮೈದಾನ್ ತೋಪನ್ನು ಹರಾಜಿಗಿಟ್ಟಾಗ ಬಂದ ಬೆಲೆ ಬರೀ 150 ರೂಪಾಯಿ. ಮಾರಾಟ ರದ್ದಾಯಿತು, ತೋಪು ಉಳಿಯಿತು. ಟ್ರಿನಿಟಿಯ ಫಲಕಗಳೂ ಹಾಗೆಯೇ ಉಳಿಯಬೇಕು. ಅವನ್ನು ಪೂಜಿಸಬೇಕಿಲ್ಲ, ಒಡೆಯಲೂಬೇಕಿಲ್ಲ, ಓದಿದರೆ ಸಾಕು. ಬೆಂಗಳೂರಿಗೆ ಹೋದಾಗ ಪ್ರಾರ್ಥನೆಯ ವೇಳೆ ತಪ್ಪಿಸಿ, ಮಕ್ಕಳನ್ನು ಕರೆದುಕೊಂಡು ಹೋಗಿ ಓದಿಸಿ.