ಕೂವೆ ಪಿಷ್ಟ: ಗುಣವರಿತು ವ್ಯವಹಾರ

ರೋಣ, ನರಗುಂದ ಹಾಗೂ ಗಜೇಂದ್ರಗಡದ ವರ್ತಕರಿಗೆ ಕಡಲೆ, ಜೋಳ, ಈರುಳ್ಳಿಗಳ ಗುಣಪರೀಕ್ಷೆ ಹೊಸದಲ್ಲ. ಆದರೆ ಕಿರಾಣಿ ಅಂಗಡಿಗಳಲ್ಲಿ ‘ಆರಾರೂಟ್’ ಎಂಬ ಹೆಸರಿನಿಂದ ಮಾರಾಟವಾಗುವ ಬಿಳಿ ಪುಡಿಯ ವಿಷಯದಲ್ಲಿ ಅನುಭವಿಗಳ ಕಣ್ಣೂ ಸೋಲುತ್ತದೆ.

ಈ ಒಂದೇ ಹೆಸರಿನಡಿ ಎರಡು ಸಸ್ಯಗಳಿವೆ. ಒಂದು ಅಮೆರಿಕದ ಉಷ್ಣವಲಯ ಮೂಲದ ಮರಾಂಟಾ. ಮತ್ತೊಂದು ಅರಿಸಿನದ ಕುಲಕ್ಕೆ ಸೇರಿದ ಭಾರತದ ಕೂವೆ. ಗೆಡ್ಡೆಯನ್ನು ತುರಿದು, ನೀರಿನಲ್ಲಿ ಕದಡಿ, ಸೋಸಿ, ತಳಕ್ಕೆ ಇಳಿದುದನ್ನು ಮತ್ತೆ ಮತ್ತೆ ತೊಳೆದು ಒಣಗಿಸಿದರೆ ಪಿಷ್ಟ ದೊರೆಯುತ್ತದೆ. ಈ ಕ್ರಮಕ್ಕೆ ಶುದ್ಧ ನೀರು ಹೇರಳವಾಗಿ ಬೇಕು. ಹಸಿ ಗೆಡ್ಡೆಯ ಸಾಗಣೆಯೂ ದುಬಾರಿ. ಆದ್ದರಿಂದ ಬಯಲುಸೀಮೆಯ ಉದ್ದಿಮೆದಾರರಿಗೆ ಸಿದ್ಧ ಪಿಷ್ಟವನ್ನು ತರಿಸಿ ಪೊಟ್ಟಣ ಕಟ್ಟುವುದೇ ಸೂಕ್ತ.

ಇದರ ಅಸಲಿನ ಲೆಕ್ಕವನ್ನು ಗಮನಿಸಬೇಕು. 100 ಕಿಲೋ ಗೆಡ್ಡೆಗೆ 15 ಕಿಲೋ ಪಿಷ್ಟ ದೊರೆಯಿತೆಂದು ಭಾವಿಸಿದರೆ, ಗೆಡ್ಡೆಯ ದರ ಕಿಲೋಗೆ 1 ರೂಪಾಯಿ ಏರಿದಾಗ ಪಿಷ್ಟದ ಅಸಲು 6 ರೂಪಾಯಿ 67 ಪೈಸೆ ಏರುತ್ತದೆ. ಹೀಗಿರುವಾಗ ಮೆಕ್ಕೆಜೋಳದ ಪಿಷ್ಟದ ದರಕ್ಕೆ ‘ಅಸಲಿ ಆರಾರೂಟ್’ ನೀಡುತ್ತೇವೆಂಬ ಮಾತನ್ನು ಸಂಶಯಿಸುವುದೇ ಲೇಸು.

ಕೂವೆ ಪಿಷ್ಟದ ಗಂಜಿ ತಿಳಿಯಾಗಿರುತ್ತದೆ. ಅದಕ್ಕೆ ಧಾನ್ಯದ ವಾಸನೆಯಿಲ್ಲ, ಅಂಟುಪ್ರೋಟೀನೂ ಇಲ್ಲ. ಶಿಶುಗಳ ಹಾಗೂ ರೋಗಿಗಳ ಆಹಾರದಲ್ಲಿ ಇದಕ್ಕೆ ಹಿಂದಿನಿಂದಲೂ ಸ್ಥಾನವಿದೆ. ಆದರೆ ಅತಿಯಾಗಿ ಕುದಿಸಿ ಕಲಕಿದರೆ ಗಂಜಿ ಮತ್ತೆ ತೆಳುವಾಗುತ್ತದೆ. ಗಜೇಂದ್ರಗಡದ ಮಗ್ಗಗಳ ಹತ್ತಿನೂಲಿಗೆ ಗಂಜಿ ಹಾಕಲು ಅಗ್ಗದ ಪಿಷ್ಟಗಳೇ ಸಾಕು. ಅಲ್ಲಿ ಕೂವೆಯನ್ನು ಬಳಸುವುದು ವ್ಯರ್ಥ ವೆಚ್ಚ.

ಅಯೋಡಿನ್ ಹನಿಗೆ ಎಲ್ಲ ಪಿಷ್ಟಗಳೂ ನೀಲಿಯಾಗುವುದರಿಂದ ಆ ಪರೀಕ್ಷೆ ಇಲ್ಲಿ ನೆರವಾಗದು. ಸೂಕ್ಷ್ಮದರ್ಶಕದಲ್ಲಿ ಮಾತ್ರ ಭೇದ ತಿಳಿಯುತ್ತದೆ: ಮೆಕ್ಕೆಜೋಳದ ಕಣಗಳು ಕೋನಾಕಾರ, ಮರಾಂಟಾದ ಕಣಗಳು ಅಂಡಾಕಾರ. ದೊಡ್ಡ ಖರೀದಿಗೆ ಮುನ್ನ ಪ್ರಯೋಗಾಲಯದ ವರದಿ ಪಡೆಯುವ ವೆಚ್ಚ ಅನಗತ್ಯವೆನಿಸದು.

ಒಂದು ಆಹಾರವನ್ನು ಮತ್ತೊಂದರ ಹೆಸರಿನಲ್ಲಿ ಮಾರುವುದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಂತೆ ತಪ್ಪು ಹೆಸರಿನ ಮಾರಾಟವಾಗುತ್ತದೆ. ಅದಕ್ಕೆ 3 ಲಕ್ಷ ರೂಪಾಯಿಗಳವರೆಗೆ ದಂಡವಿದ್ದು, ತಯಾರಕನಷ್ಟೇ ಅಲ್ಲದೆ ದಾಸ್ತಾನಿಟ್ಟವನೂ ಮಾರಿದವನೂ ಹೊಣೆಗಾರರು. ಬಿಲ್ಲಿನಲ್ಲಿಯೂ ಎಚ್ಚರ ಅಗತ್ಯ: ಗೆಡ್ಡೆಯನ್ನು ಒಣಗಿಸಿ ಬೀಸಿದ ಹಿಟ್ಟು ಸರಕು ಸಂಕೇತ 1106ಕ್ಕೆ, ತೊಳೆದು ಬೇರ್ಪಡಿಸಿದ ಪಿಷ್ಟ 1108ಕ್ಕೆ ಸೇರುತ್ತದೆ. ವ್ಯಾಪಾರದಲ್ಲಿ ಎರಡನ್ನೂ ‘ಹಿಟ್ಟು’ ಎಂದೇ ಕರೆಯುವ ರೂಢಿಯಿದ್ದರೂ, ತೆರಿಗೆಯ ಲೆಕ್ಕದಲ್ಲಿ ಅವು ಬೇರೆ ಬೇರೆ ಸರಕುಗಳು.