ತೀವ್ರ ನಿಗಾ ಘಟಕದ ಬಾಗಿಲಲ್ಲಿ

ವೃದ್ಧ ತಂದೆಗೆ ವೆಂಟಿಲೇಟರ್ ಅಳವಡಿಸಬೇಕೇ ಎಂದು ವೈದ್ಯರು ಕೇಳಿದಾಗ ಮಂಗಳೂರಿನ ನಮ್ಮ ಕುಟುಂಬಗಳು ನಿರುತ್ತರವಾಗುವುದನ್ನು ನಾವು ಕಂಡಿದ್ದೇವೆ. ಕೊಲ್ಲಿ ರಾಷ್ಟ್ರದಲ್ಲಿರುವ ಮಗ 'ಯಾವುದಕ್ಕೂ ಕಡಿಮೆ ಮಾಡಬೇಡಿ' ಎನ್ನುತ್ತಾನೆ; ಹಾಸಿಗೆಯ ಬಳಿಯಿರುವ ಮಗಳಿಗೆ ನಾಳಿನ ಬಿಲ್ಲಿನ ಚಿಂತೆ. ಹಣದ ಮಾತೆತ್ತಿದರೆ ಪಾಪವಾದೀತೆಂಬ ಭಯ ಬೇರೆ.

ಈ ಭಯಕ್ಕೆ ಆಧಾರವಿಲ್ಲ. ಅಸಾಧಾರಣ ಚಿಕಿತ್ಸೆ ಪಡೆಯಲೇಬೇಕೆಂಬ ಕಟ್ಟಳೆಯಿಲ್ಲವೆಂದು ಜಗದ್ಗುರು ಹನ್ನೆರಡನೆಯ ಪಿಯೂಸರು 1957ರಲ್ಲಿಯೇ ವೈದ್ಯರಿಗೆ ತಿಳಿಸಿದ್ದರು. ಕುಟುಂಬದ ಮೇಲೆ ಅತಿಯಾದ ವೆಚ್ಚ ಹೊರಿಸಬಾರದೆಂಬ ಇಚ್ಛೆಯಿಂದ ಅಂತಹ ಚಿಕಿತ್ಸೆಯನ್ನು ನಿರಾಕರಿಸುವುದು ಆತ್ಮಹತ್ಯೆಗೆ ಸಮಾನವಲ್ಲವೆಂದು ವ್ಯಾಟಿಕನ್ನಿನ 1980ರ ಘೋಷಣೆಯು ಸ್ಪಷ್ಟಪಡಿಸಿತು. ನಮ್ಮ ಇಗರ್ಜಿಗಳ ಪ್ರವಚನಗಳಲ್ಲಿ ಈ ಮಾತನ್ನು ಎಷ್ಟು ಮಂದಿ ಕೇಳಿದ್ದೇವೆ? ದಯಾಮರಣವನ್ನು ಮಾತ್ರ ಧರ್ಮಸಭೆ ಒಪ್ಪುವುದಿಲ್ಲ. ರೋಗಿಗೆ ಅನ್ನನೀರು, ಶುಶ್ರೂಷೆ ನಿಲ್ಲಕೂಡದು. ಉತ್ತರ ಕನ್ನಡದ ಹಳದೀಪುರದ ದಾದಿ ಅರುಣಾ ಶಾನಭಾಗರನ್ನು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ದಾದಿಯರು 1973ರಿಂದ 2015ರ ವರೆಗೆ ಉಣಿಸಿ ಸಲಹಿದ್ದನ್ನು ಇಲ್ಲಿ ನೆನೆಯಬೇಕು.

ಆದರೆ ಚಿಕಿತ್ಸೆ ನಿಲ್ಲಿಸಿ ಮನೆಗೆ ಕರೆತಂದ ಮೇಲೆ ಖರ್ಚು ನಿಲ್ಲುವುದೇ? ಹೋಮ್ ನರ್ಸಿನ ಸಂಬಳ, ಆಮ್ಲಜನಕ, ಮಂಚದ ಬಾಡಿಗೆ, ಡೈಪರು. ಇವನ್ನೆಲ್ಲ ಮನೆಯವರೇ ಭರಿಸಬೇಕು. ಮುಂಬಯಿಯಲ್ಲಿ ನೆಲೆಸಿದ ನಮ್ಮವರು ಬಾಂದ್ರಾದ ಮೌಂಟ್ ಮೇರಿ ಇಗರ್ಜಿಯ ಬಳಿಯ ಶಾಂತಿ ಅವೇದನಾ ಸದನವನ್ನು ಬಲ್ಲರು. 1986ರಲ್ಲಿ ಆರಂಭವಾದ ಅದು ದೇಶದ ಪ್ರಥಮ ಹಾಸ್ಪಿಸ್. ಬೆಂಗಳೂರಿನ ಕರುಣಾಶ್ರಯವನ್ನು ನಡೆಸುವ ಟ್ರಸ್ಟು 1994ರಲ್ಲಿ ಸ್ಥಾಪಿತವಾಯಿತು. ಎರಡೂ ಕಡೆ ಆರೈಕೆ ಉಚಿತ. ಆದರೆ ಅವು ಮುಖ್ಯವಾಗಿ ಕ್ಯಾನ್ಸರ್ ರೋಗಿಗಳಿಗಾಗಿ. ಪಾರ್ಶ್ವವಾಯು ಬಡಿದವರು, ಮರೆವಿನ ಕಾಯಿಲೆಯವರು ಎಲ್ಲಿಗೆ ಹೋಗಬೇಕು? ನೆರೆಯ ಕೇರಳವು 2008ರಲ್ಲಿಯೇ ಉಪಶಾಮಕ ಆರೈಕೆಗೆ ಸರಕಾರೀ ನೀತಿ ರೂಪಿಸಿ ಮನೆಮನೆಗೆ ದಾದಿಯರನ್ನು ಕಳುಹಿಸತೊಡಗಿತು. ತಲಪಾಡಿಯ ಗಡಿಯಿಂದೀಚೆಗಿರುವ ನಮಗೆ ಇದು ಅಸೂಯೆ ಹುಟ್ಟಿಸುವ ಸಂಗತಿಯೇ ಸರಿ. ನಮ್ಮ ಧರ್ಮಕೇಂದ್ರಗಳಲ್ಲಿ ನಿವೃತ್ತ ದಾದಿಯರಿಗೇನೂ ಕೊರತೆಯಿಲ್ಲ. ವಾಳೆಗೊಬ್ಬರು ವಾರಕ್ಕೊಮ್ಮೆ ರೋಗಿಗಳ ಮನೆಗೆ ಹೋದರೂ ಹೊರೆ ಎಷ್ಟೋ ಇಳಿದೀತು.

ಕಾನೂನಿನ ದಾರಿಯೂ ಈಗ ತೆರೆದಿದೆ. ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಮಾನ್ಯ ಮಾಡಿ 2023ರಲ್ಲಿ ಸರಳಗೊಳಿಸಿದ ಮುಂಗಡ ವೈದ್ಯಕೀಯ ನಿರ್ದೇಶನದ ಬಗ್ಗೆ ಕರ್ನಾಟಕ ಸರಕಾರವು 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿದೆ. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರಾಯಿತು. ತಮ್ಮ ಪರವಾಗಿ ತೀರ್ಮಾನಿಸಲು ಕನಿಷ್ಠ ಇಬ್ಬರನ್ನು ಅದರಲ್ಲಿ ಹೆಸರಿಸಬೇಕು. ಅವರಲ್ಲಿ ಒಬ್ಬರಾದರೂ ಊರಿನಲ್ಲೇ ಇರುವವರಾಗಿರಲಿ.